ಒದೆಯುವ ಕಾಲು ಬಿಡಿ, ಊರಿದ ಕಾಲು ನೋಡಿ

ಹೋದ ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಬಳ್ಳಾರಿ ಕೋಟೆ ಗುಡ್ಡದ ಬಂಡೆಗೆ ಆಗತಾನೇ ಬಿಸಿಲು ತಾಗಿತ್ತು. ಹನ್ನೊಂದು ವರ್ಷದ ಹುಡುಗನೊಬ್ಬ ಎರಡು ಇಟ್ಟಿಗೆ ಇಟ್ಟುಕೊಂಡು ಗೋಲು ಹೊಡೆಯುತ್ತಿದ್ದ. ಚೆಂಡು ಪ್ರತಿ ಸಲ ಆಕಾಶಕ್ಕೆ. ನಾಲ್ಕನೇ ಸಲ ಕಾಂಪೌಂಡ್ ದಾಟಿ ರಸ್ತೆಗೆ ಬಿತ್ತು. ಬೈಕ್ ಮೇಲೆ ಕೂತೇ ನೋಡುತ್ತಿದ್ದ ಅವರಪ್ಪ "ಕಾಲು ಸರಿಯಾಗಿ ಬೀಸೋ" ಅಂತ ಕೂಗಿದರು.

ಬೀಸುವ ಕಾಲಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ನೋಡಿದ್ದು ಅವನ ಎಡಗಾಲು. ಅದು ಚೆಂಡಿಗಿಂತ ಒಂದು ಮೊಳ ಹಿಂದೆ ಊರಿತ್ತು. ಅಷ್ಟು ದೂರದಿಂದ ಚೆಂಡು ಮುಟ್ಟಬೇಕಾದರೆ ಮೈ ಹಿಂದಕ್ಕೆ ವಾಲಲೇಬೇಕು. ಮೈ ವಾಲಿದರೆ ಪಾದ ಚೆಂಡಿನ ತಳಕ್ಕೆ ಹೋಗುತ್ತದೆ, ಚೆಂಡು ಮೇಲೇಳುತ್ತದೆ. ಚೆಂಡಿನ ಪಕ್ಕ ಒಂದು ಗೇಣು ಬಿಟ್ಟು, ಮಣ್ಣಿನಲ್ಲಿ ಕಡ್ಡಿಯಿಂದ ಪಾದದ ಆಕಾರ ಗೀಚಿದೆ. "ಎಡಗಾಲು ಇದರ ಮೇಲೆ ಬರಲಿ. ಬೆರಳು ಗೋಲಿನ ಕಡೆ, ಮಂಡಿ ಸ್ವಲ್ಪ ಬಗ್ಗಿರಲಿ. ಬಲಗಾಲು ಏನು ಮಾಡುತ್ತೋ ಮಾಡಲಿ" ಅಂದೆ. ಆರನೇ ಒದೆತಕ್ಕೆ ಚೆಂಡು ನೆಲ ಸವರಿಕೊಂಡು ಇಟ್ಟಿಗೆಗಳ ನಡುವೆ ಹೋಯಿತು. ಅವರಪ್ಪ ಬೈಕ್ ಇಳಿದು ಬಂದರು.

ಈ ಲೇಖನ ಅಂಥ ಅಪ್ಪಂದಿರಿಗೆ, ಅಮ್ಮಂದಿರಿಗೆ, ಒಂದೇ ಚೆಂಡು ಇಟ್ಟುಕೊಂಡು ಇಪ್ಪತ್ತು ಮಕ್ಕಳನ್ನು ಆಡಿಸುವ ಪಿಟಿ ಮಾಸ್ತರಿಗೆ. ಮಕ್ಕಳ ವಯಸ್ಸು ಎಂಟರಿಂದ ಹದಿನೈದು ಅಂತ ಇಟ್ಟುಕೊಳ್ಳಿ. ನಾನೇನೂ ದೊಡ್ಡ ಕೋಚ್ ಅಲ್ಲ, ವಾರಕ್ಕೆ ಮೂರು ಬೆಳಿಗ್ಗೆ ಮಕ್ಕಳನ್ನು ಆಡಿಸುವವನು. ಇಷ್ಟು ವರ್ಷದಲ್ಲಿ ಒಂದು ವಿಷಯ ಮಾತ್ರ ಗಟ್ಟಿಯಾಗಿದೆ. ಫುಟ್‌ಬಾಲ್‌ನಲ್ಲಿ ಕಾಲಿನಿಂದ ಚೆಂಡು ಮುಟ್ಟುವ ಹೆಚ್ಚುಕಡಿಮೆ ಪ್ರತಿ ಕ್ಷಣವೂ ಮಗು ಒಂಟಿ ಕಾಲಿನಲ್ಲಿ ನಿಂತಿರುತ್ತದೆ. ಆ ಊರಿದ ಕಾಲು ಗಟ್ಟಿ ಇಲ್ಲದೆ ಚೆಂಡಿನ ಹಿಡಿತ ಬರುವುದಿಲ್ಲ. ಮತ್ತೆ, ಗೋಲ್‌ಕೀಪರ್‌ನ ಊರುಗಾಲು ಮಾಡುವ ಕೆಲಸ ಬೇರೆ, ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಓಡುವವನದು ಬೇರೆ.

ಮೊದಲು ಅಳೆಯಿರಿ

ಮೈ ಬೀಳದಂತೆ ನೋಡಿಕೊಳ್ಳಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತಿರುತ್ತದೆ. ಒಂದು ಕಣ್ಣು, ಇನ್ನೊಂದು ಒಳಕಿವಿ, ಮೂರನೆಯದು ಪಾದ, ಕಣಕಾಲು, ಮಂಡಿಯ ಕೀಲು ಮತ್ತು ಸ್ನಾಯುಗಳು. ಆಟದಲ್ಲಿ ಕಣ್ಣಿಗೆ ಬೇರೆ ಕೆಲಸ ಇರುತ್ತದೆ. ಅದು ಚೆಂಡು ನೋಡಬೇಕು, ಎದುರಾಳಿ ನೋಡಬೇಕು. ಹಾಗಾಗಿ ಹೆಚ್ಚಿನ ಭಾರ ಕಾಲಿನ ಮೇಲೆ ಬೀಳುತ್ತದೆ. ನಾಳೆ ಬೆಳಿಗ್ಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತು ನೋಡಿ. ಆಮೇಲೆ ಕಣ್ಣು ಮುಚ್ಚಿ. ವ್ಯತ್ಯಾಸ ಗೊತ್ತಾಗುತ್ತದೆ. ಗೋಡೆ ಹತ್ತಿರ ಇರಲಿ.

ಮಕ್ಕಳಿಗೂ ಇದೇ ಪರೀಕ್ಷೆ. ಶೂ ಬಿಚ್ಚಿಸಿ. ಕೈ ಸೊಂಟದ ಮೇಲೆ. ಒಂದು ಕಾಲು ಎತ್ತಿ 30 ಸೆಕೆಂಡ್ ನಿಲ್ಲಲಿ, ಆಮೇಲೆ ಇನ್ನೊಂದು ಕಾಲು. ನಂತರ ಕಣ್ಣು ಮುಚ್ಚಿ ಮತ್ತೆ ಎರಡೂ. ಎಷ್ಟು ಸೆಕೆಂಡ್ ನಿಂತರು ಅಂತ ಮಾತ್ರ ಬರೆದುಕೊಳ್ಳಬೇಡಿ, ಎತ್ತ ವಾಲಿದರು ಅಂತಲೂ ಬರೆಯಿರಿ. ಮಂಡಿ ಒಳಗಡೆ ಬಾಗುತ್ತದೆಯೋ, ಪಾದ ಹೊರಳುತ್ತದೆಯೋ, ಸೊಂಟ ಒಂದು ಕಡೆ ಇಳಿಯುತ್ತದೆಯೋ. ಬಲಗಾಲಲ್ಲಿ ಒದೆಯುವ ಮಕ್ಕಳು ಎಷ್ಟೋ ಸಲ ಎಡಗಾಲ ಮೇಲೇ ಚೆನ್ನಾಗಿ ನಿಲ್ಲುತ್ತಾರೆ. ದಿನಾ ಭಾರ ಹೊರುವುದು ಅದೇ ಅಲ್ವಾ.

ಎರಡನೇ ಅಳತೆಗೆ ನೆಲದ ಮೇಲೆ ಮೂರು ಗೆರೆ ಬೇಕು. ಒಂದು ಬಿಂದುವಿನಿಂದ ಮುಂದಕ್ಕೆ ಒಂದು ನೇರ ಗೆರೆ, ಹಿಂದಕ್ಕೆ ಎರಡು ಓರೆ ಗೆರೆ. ಇಂಗ್ಲಿಷಿನ ವೈ ಅಕ್ಷರ ತಲೆಕೆಳಗೆ ಮಾಡಿದ ಹಾಗೆ. ಮಗು ಬಿಂದುವಿನ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹೆಬ್ಬೆರಳನ್ನು ಪ್ರತಿ ಗೆರೆಯ ಮೇಲೂ ಎಷ್ಟು ದೂರ ಆಗುತ್ತದೋ ಅಷ್ಟು ಚಾಚಿ, ಹಗುರವಾಗಿ ಮುಟ್ಟಿ ವಾಪಸ್ ಬರಬೇಕು. ಊರಿದ ಹಿಮ್ಮಡಿ ಎದ್ದರೆ ಲೆಕ್ಕಕ್ಕಿಲ್ಲ. ಮೂರು ಪ್ರಯತ್ನ ಕೊಡಿ, ಜಾಸ್ತಿ ಬಂದದ್ದನ್ನು ಬರೆಯಿರಿ. ಉದ್ದ ಕಾಲಿನವರು ಜಾಸ್ತಿ ಚಾಚುವುದು ಸಹಜ, ಅದಕ್ಕೇ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ. ಅದೇ ಮಗುವಿನ ಎಡ-ಬಲ ಹೋಲಿಸಿ. ಮುಂದಿನ ಗೆರೆಯಲ್ಲಿ 4 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಫಿಸಿಯೋಗಳು ಸಾಮಾನ್ಯವಾಗಿ ಎಚ್ಚರ ವಹಿಸುತ್ತಾರೆ. ಅಂಥ ಮಗುವಿಗೆ ಹಳೇ ಉಳುಕು ಏನಾದರೂ ಇದೆಯಾ ಕೇಳಿ.

ಉಳುಕಿನ ಮಾತು ಬಂದಿದ್ದಕ್ಕೆ ನನ್ನದೇ ಕತೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮ್ಯಾಚ್‌ನಲ್ಲಿ ಪೆಂಡಾಲ್ ಕಂಬದ ಹಳೇ ಗುಂಡಿಯೊಳಗೆ ನನ್ನ ಬಲಗಾಲು ಹೋಯಿತು. ಕಣಕಾಲು ಸೋರೆಕಾಯಿ ಥರ ಊದಿತು. ಮನೆಯಲ್ಲಿ ಹುಣಸೆಹಣ್ಣು-ಉಪ್ಪು ಹಚ್ಚಿ ಪಟ್ಟಿ ಕಟ್ಟಿದರು. ನೋವು ಇಳಿದ ಎಂಟನೇ ದಿನ ಮೈದಾನಕ್ಕೆ ಓಡಿದೆ. ಎರಡು ವಾರದಲ್ಲಿ ಅದೇ ಕಾಲು ಮತ್ತೆ ಉಳುಕಿತು, ಈ ಸಲ ಸಮತಟ್ಟು ನೆಲದ ಮೇಲೆ, ಸುಮ್ನೆ ತಿರುಗುವಾಗ. ಉಳುಕಿದಾಗ ಕೀಲು ಮೆದುಳಿಗೆ ಕಳಿಸುವ ಸುದ್ದಿಯೂ ಮಂಕಾಗುತ್ತದೆ, ನೋವು ಹೋದರೂ ಅದು ತಾನಾಗಿ ಸರಿಹೋಗುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಈಗ ನಾನು ಮಕ್ಕಳಿಗೆ ಹೇಳುವ ನಿಯಮ ಒಂದೇ. ಉಳುಕಿದ ಕಾಲಿನ ಮೇಲೆ ಕಣ್ಣು ಮುಚ್ಚಿ, ಒಳ್ಳೆಯ ಕಾಲಿನಷ್ಟೇ ಹೊತ್ತು ನಿಂತು ತೋರಿಸು, ಆಮೇಲೆ ಮ್ಯಾಚ್. ಕಾಲೂರಲಿಕ್ಕೇ ಆಗದಿದ್ದರೆ ಡಾಕ್ಟರ್ ಹತ್ತಿರ, ಪಟ್ಟಿ ಕಟ್ಟುವವರ ಹತ್ತಿರ ಅಲ್ಲ.

ನೆಲ, ಚೆಂಡು, ಬಿಸಿಲು

ಇದನ್ನು ಬೇಗ ಮುಗಿಸುತ್ತೇನೆ. ಎಂಟು ವರ್ಷದೊಳಗಿನವರಿಗೆ 3ನೇ ಸೈಜ್ ಚೆಂಡು, 8ರಿಂದ 12ಕ್ಕೆ 4ನೇ ಸೈಜ್, ಆಮೇಲೆ 5. ದೊಡ್ಡವರ 5ನೇ ಸೈಜ್ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನು ಒಂಬತ್ತು ವರ್ಷದ ಮಗುವಿಗೆ ಕೊಟ್ಟು "ಹಿಡಿತ ಇಲ್ಲ" ಅನ್ನುವುದು ಅನ್ಯಾಯ. ನಮ್ಮ ಗಟ್ಟಿ ನೆಲದಲ್ಲಿ ಚೆಂಡು ಕುಪ್ಪಳಿಸುವುದು ಜಾಸ್ತಿ, ಗಾಳಿ ಸ್ವಲ್ಪ ಕಡಿಮೆಯೇ ಇರಲಿ.

ಆಡುವ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೈದಾನ ಒಂದು ಸಲ ಹೆಕ್ಕಿಸಿ. ಕಲ್ಲು, ಗಾಜು, ಮುಖ್ಯವಾಗಿ ಜಾಲಿ ಮುಳ್ಳು. ಬಳ್ಳಾರಿ ಜಾಲಿ ಅಂತ ನಮ್ಮ ಊರಿನ ಹೆಸರು ಇಟ್ಟುಕೊಂಡಿದ್ದರೂ ಈ ಗಿಡ ಬಂದದ್ದು ಅಮೆರಿಕ ಖಂಡದಿಂದ. ನನ್ನ ಚೆಂಡುಗಳ ಎಷ್ಟು ಬ್ಲಾಡರ್ ತಿಂದಿದೆಯೋ ಲೆಕ್ಕ ಇಟ್ಟಿಲ್ಲ. ಗಟ್ಟಿ ಮೊರಂ ನೆಲಕ್ಕೆ ಉದ್ದ ಸ್ಟಡ್ ಬೂಟು ಬೇಡ. ಸ್ಟಡ್ ನೆಲಕ್ಕೆ ಇಳಿಯುವುದಿಲ್ಲ, ಮಗು ಮೊಳೆಗಳ ಮೇಲೆ ನಿಂತ ಹಾಗೆ ಆಡುತ್ತದೆ. ಸಣ್ಣ ಸಣ್ಣ ರಬ್ಬರ್ ಗುಬ್ಬಿ ಇರುವ ಟರ್ಫ್ ಶೂ ಸಾಕು, ಅದೂ ಇಲ್ಲದಿದ್ದರೆ ಕ್ಯಾನ್ವಾಸ್. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಆರರಿಂದ ಏಳೂವರೆ, ಇಲ್ಲಾಂದ್ರೆ ಸಂಜೆ ಐದೂವರೆ ಮೇಲೆ. ಹದಿನೈದು ನಿಮಿಷಕ್ಕೊಮ್ಮೆ ನೀರು. ದಣಿದ ಕಾಲು ಬ್ಯಾಲೆನ್ಸ್ ಕಲಿಯುವುದಿಲ್ಲ, ಹಾಗಾಗಿ ಈ ಅಭ್ಯಾಸಗಳು ವಾರ್ಮ್-ಅಪ್ ಆದ ತಕ್ಷಣ, ಮ್ಯಾಚ್ ಆಡಿಸುವ ಮುಂಚೆ.

ಎಲ್ಲರಿಗೂ ಒಂದೇ ಅಡಿಪಾಯ

ಪೊಸಿಷನ್ ಯಾವುದೇ ಇರಲಿ, ಮೊದಲ ಮೂರ್ನಾಲ್ಕು ವಾರ ಎಲ್ಲರೂ ಇದನ್ನೇ ಮಾಡಲಿ.

ಶುರು ಕುಂಟೆಬಿಲ್ಲೆಯಿಂದ. ನಗಬೇಡಿ. ಒಂಟಿ ಕಾಲಲ್ಲಿ ಹಾರಿ, ಗೆರೆ ತುಳಿಯದೆ ಇಳಿದು, ಬಗ್ಗಿ ಬಿಲ್ಲೆ ಎತ್ತಿಕೊಂಡು, ತಿರುಗಿ ವಾಪಸ್ ಬರುವುದು. ಇದಕ್ಕಿಂತ ಒಳ್ಳೆಯ ಬ್ಯಾಲೆನ್ಸ್ ಡ್ರಿಲ್ ನಾನು ಯಾವ ಕೋಚಿಂಗ್ ವಿಡಿಯೋದಲ್ಲೂ ನೋಡಿಲ್ಲ. ನನ್ನ ಗುಂಪಿನಲ್ಲಿ ಹುಡುಗಿಯರು ಮೊದಲ ದಿನವೇ ಹುಡುಗರನ್ನು ಸೋಲಿಸಿಬಿಟ್ಟರು. ನಾನು ಸೇರಿಸಿದ್ದು ಎರಡು ನಿಯಮ ಅಷ್ಟೇ. ಪ್ರತಿ ಮನೆಯಲ್ಲೂ ಇಳಿದ ಮೇಲೆ ಎರಡು ಎಣಿಸುವವರೆಗೆ ಅಲ್ಲಾಡಬಾರದು. ಇಳಿಯುವಾಗ ಸಪ್ಪಳ ಬರಬಾರದು. ಸಪ್ಪಳ ಇಲ್ಲದೆ ಇಳಿಯಬೇಕಾದರೆ ಮಂಡಿ ತಾನಾಗೇ ಬಗ್ಗುತ್ತದೆ.

ನಂತರ ಜೋಡಿ. ಇಬ್ಬರೂ ಎದುರುಬದುರು, ಮೂರು ಹೆಜ್ಜೆ ದೂರ, ಒಂಟಿ ಕಾಲಲ್ಲಿ. ಮೊದಲ ವಾರ ಚೆಂಡು ಕೈಯಲ್ಲಿ ಹಿಡಿದು ನಿಲ್ಲುವುದು. ಎರಡನೇ ವಾರ ಚೆಂಡು ಕೈಯಿಂದ ಎಸೆದು ಹಿಡಿಯುವುದು. ಮೂರನೇ ವಾರ ಒಬ್ಬರ ಭುಜ ಒಬ್ಬರು ಮೆಲ್ಲಗೆ ತಳ್ಳಿ ಕದಲಿಸುವುದು. ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾದ 11 ಪ್ಲಸ್ ಅನ್ನುವ ವಾರ್ಮ್-ಅಪ್‌ನಲ್ಲೂ ಇದೇ ಮೂರು ಮೆಟ್ಟಿಲು ಇದೆ. ಪೂರ್ತಿ ಮಾಡಿದರೆ ಅದು ಸುಮಾರು 20 ನಿಮಿಷದ್ದು. 7ರಿಂದ 13 ವರ್ಷದವರಿಗೆ ಬೇರೆ ಆವೃತ್ತಿಯೇ ಇದೆ. ಗಟ್ಟಿ ನೆಲದ ಮೇಲೆ ನಿಲ್ಲುವುದು ಸುಲಭ ಅನ್ನಿಸಲು ಶುರುವಾದ ಮೇಲೆ ಮೆತ್ತಗಿನದರ ಮೇಲೆ ನಿಲ್ಲಿಸಬೇಕು. ನಮ್ಮೂರಿನಲ್ಲಿ ಅದಕ್ಕೆ ದುಡ್ಡು ಬೇಡ. ಜೀನ್ಸ್ ಹೊಲಿಯುವವರ ಹತ್ತಿರ ಕಟ್‌ಪೀಸ್ ಕೇಳಿ ತನ್ನಿ, ಗೋಣಿಚೀಲಕ್ಕೆ ಒತ್ತಿ ತುಂಬಿ ಹೊಲಿಯಿರಿ. ಅಂಗಡಿಯ ಬ್ಯಾಲೆನ್ಸ್ ಪ್ಯಾಡ್ ಮಾಡುವ ಕೆಲಸವನ್ನು ಅದು ಮಾಡುತ್ತದೆ.

ಚೆಂಡಿನ ಕೆಲಸ ದಿನಾ ಹತ್ತು ನಿಮಿಷ. ಅಂಗಾಲಿನಿಂದ ಚೆಂಡಿನ ನೆತ್ತಿ ತಟ್ಟುತ್ತಾ ಕಾಲು ಬದಲಿಸುವುದು. ಅಂಗಾಲಿನಿಂದ ಚೆಂಡನ್ನು ಪಕ್ಕಕ್ಕೆ ಉರುಳಿಸುವುದು. ಎರಡು ಚಪ್ಪಲಿ ಇಟ್ಟು ಸುತ್ತಲೂ ಎಂಟರ ಆಕಾರದಲ್ಲಿ, ಪಾದದ ಒಳಬದಿ, ಹೊರಬದಿ. ಗೋಡೆಗೆ ಪಾಸ್. ಎಲ್ಲವೂ ಎರಡೂ ಕಾಲಿನಲ್ಲಿ, ದಡ್ಡ ಕಾಲಿಗೆ ಎರಡು ಪಟ್ಟು. ದಡ್ಡ ಕಾಲು ಒದೆಯುವಾಗ ಜಾಣ ಕಾಲು ಊರುವುದನ್ನು ಕಲಿಯುತ್ತದೆ, ಅದು ಪುಕ್ಕಟೆ ಲಾಭ.

ಕೀಪರ್

ಬಹಳ ಕಡೆ ಎತ್ತರ ಇದ್ದವನು ಕೀಪರ್, ಇಲ್ಲವೇ ಓಡಲು ಬಾರದವನು ಕೀಪರ್. ಎರಡೂ ತಪ್ಪು. ಕೀಪರ್‌ಗೆ ಬೇಕಾದ್ದು ನಿಂತಲ್ಲಿಂದ ಯಾವ ಕಡೆಗಾದರೂ ಸಿಡಿಯುವ ಬ್ಯಾಲೆನ್ಸ್. ಭಾರ ಹಿಮ್ಮಡಿ ಮೇಲಿದ್ದರೆ ಸಿಡಿಯಲು ಆಗುವುದಿಲ್ಲ. ಪಾದದ ಮುಂಭಾಗದ ಮೇಲೆ ಭಾರ, ಮಂಡಿ ಸಡಿಲ, ಕೈ ಮುಂದೆ. ಎದುರಾಳಿ ಕಾಲು ಬೀಸುವ ಹೊತ್ತಿಗೆ ಸಣ್ಣದೊಂದು ಕುಪ್ಪಳಿಕೆ, ಚೆಂಡು ಅವನ ಕಾಲು ಬಿಡುವಾಗ ಇವನ ಎರಡೂ ಪಾದ ನೆಲದ ಮೇಲಿರಬೇಕು. ಪಕ್ಕಕ್ಕೆ ಸರಿಯುವಾಗ ಕಾಲು ಕತ್ತರಿ ಹಾಕಬಾರದು. ಇದನ್ನು ಚೆಂಡಿಲ್ಲದೆ, ಕನ್ನಡಿ ಆಟದ ಹಾಗೆ ಆಡಿಸಿ. ನೀವು ಎತ್ತ ಸರಿದರೆ ಮಗು ಅತ್ತ ಸರಿಯಬೇಕು, ನೀವು ಚಪ್ಪಾಳೆ ತಟ್ಟಿದ ಕ್ಷಣ ಸ್ತಬ್ಧ.

ಎತ್ತರದ ಚೆಂಡಿಗೆ ಒಂದು ಕಾಲಲ್ಲಿ ಹಾರಿ, ಇನ್ನೊಂದು ಮಂಡಿ ಎತ್ತಿ, ಎರಡೂ ಹೆಬ್ಬೆರಳು ಹತ್ತಿರ ತಂದು ಚೆಂಡಿನ ಹಿಂದೆ ಹಸ್ತ ಅಗಲಿಸಿ ಹಿಡಿಯುವುದು. ಹಿಡಿದು ಇಳಿದ ಮೇಲೆ ಎರಡು ಎಣಿಕೆ ನಿಲ್ಲಲಿ, ಕುಂಟೆಬಿಲ್ಲೆಯ ಹಾಗೆ. ಡೈವ್ ಕಲಿಸಲು ನಮ್ಮ ಮೈದಾನ ಯೋಗ್ಯವಲ್ಲ. ಮಂಡಿಯೂರಿ ಕೂತು, ಅದೇ ಕಟ್‌ಪೀಸ್ ಚೀಲಗಳ ಮೇಲೆ ಪಕ್ಕಕ್ಕೆ ಬೀಳುವುದರಿಂದ ಶುರು ಮಾಡಿ. ಬೀಳಬೇಕಾದ್ದು ತೊಡೆ-ಸೊಂಟ-ಭುಜದ ಪಕ್ಕ, ಮೊಣಕೈ ಮೇಲೆ ಅಲ್ಲ.

ಮತ್ತೆ, ಕೀಪರ್‌ಗೆ ಕಾಲಿನ ಕೆಲಸ ಬೇಡ ಅನ್ನುವ ಕಾಲ 1992ರಲ್ಲೇ ಮುಗಿಯಿತು. ಜೊತೆಗಾರ ಬೇಕೆಂದೇ ಕಾಲಲ್ಲಿ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಮುಟ್ಟಬಾರದು ಅಂತ ನಿಯಮ ಬಂದದ್ದು ಆಗ. 2025ರಿಂದ ಇನ್ನೊಂದು ಬಂದಿದೆ: ಚೆಂಡನ್ನು 8 ಸೆಕೆಂಡ್‌ಗಿಂತ ಜಾಸ್ತಿ ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆತ. ಹಿಡಿ, ಏಳು, ಸ್ಥಿರವಾಗು, ಎಸೆ. ಇಷ್ಟಕ್ಕೂ ಗಟ್ಟಿಯಾಗಿ ಎಂಟು ಎಣಿಸುತ್ತಾ ಮಾಡಿಸಿ.

ಡಿಫೆಂಡರ್

ಕಬಡ್ಡಿಯಲ್ಲಿ ರೈಡರ್ ಬಂದಾಗ ಕಾರ್ನರ್‌ನಲ್ಲಿ ನಿಂತವನ ನಿಲುವು ನೆನಪಿಸಿಕೊಳ್ಳಿ. ಸೊಂಟ ತಗ್ಗಿಸಿ, ಮೈ ಓರೆ ಮಾಡಿ, ಒಂದು ಕಾಲು ಮುಂದೆ. ಡಿಫೆಂಡರ್‌ಗೆ ಅದೇ ನಿಲುವು. ನಮ್ಮ ಮಕ್ಕಳಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ, "ಕಬಡ್ಡಿ ನಿಲುವು" ಅಂದರೆ ಸಾಕು. ತೊಂದರೆ ಆಗುವುದು ಹಿಂದಕ್ಕೆ ಓಡುತ್ತಾ ತಿರುಗುವಾಗ. ಹೆಚ್ಚಿನವರು ಕಾಲಿಗೆ ಕಾಲು ಸಿಕ್ಕಿಸಿಕೊಂಡು ಬೀಳುವುದು ಅಲ್ಲಿಯೇ. ಐದು ಹೆಜ್ಜೆ ಹಿಂದಕ್ಕೆ, ನೀವು "ಎಡ" ಅಂದ ತಕ್ಷಣ ಸೊಂಟ ಎಡಕ್ಕೆ ತೆರೆದು ಓಟ. ದಿನಕ್ಕೆ ಎಂಟು ಸಲ, ನಾಲ್ಕು ಎಡ, ನಾಲ್ಕು ಬಲ.

ಚೆಂಡು ಕಸಿಯಲು ಧುಮುಕುವ ಚಟ ಬಿಡಿಸುವುದು ಕಷ್ಟ. ನಾನು ಒಂದು ಆಟ ಮಾಡಿದ್ದೇನೆ. ಡಿಫೆಂಡರ್‌ನ ಕೈಯಲ್ಲಿ ನೀರು ತುಂಬಿದ ಲೋಟ. ಎದುರಾಳಿ ಡ್ರಿಬಲ್ ಮಾಡುತ್ತಾ ಬರುತ್ತಾನೆ. ನೀರು ಚೆಲ್ಲದೆ ಅವನನ್ನು ಗೆರೆಯ ಪಕ್ಕಕ್ಕೆ ತಳ್ಳಿಕೊಂಡು ಹೋಗಬೇಕು. ಮೊದಲ ದಿನ ಎಲ್ಲರೂ ಒದ್ದೆ.

ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದರ ಬಗ್ಗೆ ನಾನು ಕಟ್ಟುನಿಟ್ಟು. ಇಂಗ್ಲೆಂಡ್‌ನಲ್ಲಿ 2020ರಿಂದಲೇ ಪ್ರೈಮರಿ ವಯಸ್ಸಿನವರಿಗೆ ಅಭ್ಯಾಸದಲ್ಲಿ ಹೆಡಿಂಗ್ ಬೇಡ ಅಂದಿದ್ದಾರೆ. ಹನ್ನೆರಡರೊಳಗಿನವರಿಗೆ ನಾನು ಬಲೂನ್ ಮಾತ್ರ ಕೊಡುತ್ತೇನೆ. ಹಾರಿ, ಮುಟ್ಟಿ, ಸಪ್ಪಳ ಇಲ್ಲದೆ ಇಳಿ.

ಮಿಡ್‌ಫೀಲ್ಡ್

ನನ್ನ ಮಟ್ಟಿಗೆ ಬ್ಯಾಲೆನ್ಸಿನ ನಿಜವಾದ ಪರೀಕ್ಷೆ ಇಲ್ಲಿದೆ. ಕೀಪರ್‌ಗೂ ಡಿಫೆಂಡರ್‌ಗೂ ಆಟ ಬಹುಪಾಲು ಎದುರಿಗಿರುತ್ತದೆ. ನಡುವೆ ಆಡುವವನಿಗೆ ಸುತ್ತಲೂ ಆಟ. ಚೆಂಡು ಒಂದು ಕಡೆಯಿಂದ, ಎದುರಾಳಿ ಬೆನ್ನ ಹಿಂದಿನಿಂದ, ಪಾಸ್ ಕೊಡಬೇಕಾದ ಜೊತೆಗಾರ ಇನ್ನೆಲ್ಲೋ. ಚೆಂಡು ತಡೆಯುವ ಹೊತ್ತಿಗೆ ಅವನು ಒಂಟಿ ಕಾಲಲ್ಲಿ, ಅರ್ಧ ತಿರುಗಿದ ಮೈಯಲ್ಲಿ, ಭುಜಕ್ಕೆ ಯಾರದೋ ಭುಜ ತಾಗಿಸಿಕೊಂಡು ನಿಂತಿರುತ್ತಾನೆ.

ಮಾಡಿಸುವುದು ಹೀಗೆ. ಮಗು ನಡುವೆ ನಿಲ್ಲಲಿ. ಹತ್ತು ಹೆಜ್ಜೆ ಮುಂದೆ ನೀವು ಚೆಂಡು ಹಿಡಿದು ನಿಲ್ಲಿ, ಹತ್ತು ಹೆಜ್ಜೆ ಹಿಂದೆ ಇನ್ನೊಬ್ಬ ಮಗು. ನೀವು ಪಾಸ್ ಕೊಡುವ ಮುಂಚೆ ಹಿಂದಿನವನು ಬೆರಳು ತೋರಿಸುತ್ತಾನೆ. ನಡುವಿನವನು ತಲೆ ತಿರುಗಿಸಿ ನೋಡಿ ಎಷ್ಟು ಬೆರಳು ಅಂತ ಕೂಗಬೇಕು. ಕೂಗದಿದ್ದರೆ ಪಾಸ್ ಇಲ್ಲ. ಚೆಂಡು ಬರುವಾಗ ಮೈ ಓರೆಯಾಗಿರಲಿ, ಎರಡೂ ಕಡೆ ಕಾಣುವ ಹಾಗೆ. ಚೆಂಡನ್ನು ಹತ್ತಿರದ ಕಾಲಿನ ಮುಂದಿನಿಂದ ಹಾದುಹೋಗಲು ಬಿಟ್ಟು, ದೂರದ ಕಾಲಿನ ಒಳಬದಿಯಿಂದ ತಡೆಯಬೇಕು. ಆ ಒಂದು ಸ್ಪರ್ಶದಲ್ಲೇ ಚೆಂಡೂ ತಿರುಗಿರುತ್ತದೆ, ಅವನೂ ತಿರುಗಿರುತ್ತಾನೆ. ಈ ಇಡೀ ಹೊತ್ತು ಹತ್ತಿರದ ಕಾಲು ಊರಿರುತ್ತದೆ. ಅದರ ಹಿಮ್ಮಡಿ ಹಗುರವಾಗಿರಬೇಕು, ಮುಂಗಾಲ ಮೇಲೆ ಮೈ ತಿರುಗಬೇಕು. ಹಿಮ್ಮಡಿ ಅಂಟಿಕೊಂಡರೆ ಪಾದ ಅಲ್ಲೇ ಉಳಿದು ಮಂಡಿ ತಿರುಚುತ್ತದೆ. ನೋಡಬೇಕಾದ್ದು ಅದು.

ಎರಡು ವಾರ ಆದ ಮೇಲೆ ಮೂರನೇ ಮಗುವನ್ನು ಸೇರಿಸಿ, ಚೆಂಡು ಮುಟ್ಟುವ ಕ್ಷಣಕ್ಕೆ ಭುಜಕ್ಕೆ ಭುಜ ಒತ್ತಲು ಹೇಳಿ. ಒರಟುತನ ಇಲ್ಲದೆ ಭುಜ ತಾಗಿಸುವುದು ನಿಯಮದಲ್ಲಿ ಇದೆ. ಸಣ್ಣ ಮೈಯ ಮಕ್ಕಳು ಇಲ್ಲಿ ದೊಡ್ಡವರನ್ನು ಸತಾಯಿಸುತ್ತಾರೆ, ಅವರ ಭಾರ ನೆಲಕ್ಕೆ ಹತ್ತಿರ.

ವಿಂಗ್

ವಿಂಗ್‌ನಲ್ಲಿ ಆಡುವ ಮಕ್ಕಳಿಗೆ ಓಡುವುದು ಕಲಿಸಬೇಕಾಗಿಲ್ಲ, ನಿಲ್ಲುವುದು ಕಲಿಸಬೇಕು. ಜೋರು ಓಟದಿಂದ ಮೂರು ಸಣ್ಣ ಹೆಜ್ಜೆಯಲ್ಲಿ, ಸೊಂಟ ತಗ್ಗಿಸಿ, ಗೆರೆಯ ಮೇಲೆ ನಿಲ್ಲುವ ಅಭ್ಯಾಸ. ಮೊದಲು ಚೆಂಡಿಲ್ಲದೆ. ಆಮೇಲೆ ಚೆಂಡು ಕಿರುಬೆರಳಿನ ಕಡೆಯಿಂದ ತಳ್ಳುತ್ತಾ ಓಡಿ, ಅಂಗಾಲಲ್ಲಿ ಒತ್ತಿ ನಿಲ್ಲಿಸಿ, ಇನ್ನೊಂದು ದಿಕ್ಕಿಗೆ. ಓಡುತ್ತಾ ಕ್ರಾಸ್ ಹಾಕುವಾಗ, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುವಾಗ, ಊರಿದ ಪಾದದ ಬೆರಳು ಚೆಂಡು ಹೋಗಬೇಕಾದ ಕಡೆ ತಿರುಗಿರಲಿ. ಬೆರಳು ಕಾರ್ನರ್ ಕಡೆ ಇದ್ದರೆ ಚೆಂಡು ಗೋಲಿನ ಹಿಂದಕ್ಕೆ ಹೋಗುತ್ತದೆ.

ಸ್ಟ್ರೈಕರ್

ಗೋಲು ಹೊಡೆಯುವ ಜಾಗ. ಎಲ್ಲ ಮಕ್ಕಳಿಗೂ ಇದೇ ಬೇಕು. ಮೊದಲು ಆ ಇಟ್ಟಿಗೆ ಹುಡುಗನ ಪಾಠ: ಚೆಂಡಿನ ಪಕ್ಕ ಒಂದು ಗೇಣು, ಬೆರಳು ಗೋಲಿಗೆ. ಆದರೆ ಮ್ಯಾಚ್‌ನಲ್ಲಿ ಇಷ್ಟು ನೆಮ್ಮದಿಯಾಗಿ ನಿಂತು ಒದೆಯಲು ಯಾರೂ ಬಿಡುವುದಿಲ್ಲ. ಹಾಗಾಗಿ ಬೇಕೆಂದೇ ಬ್ಯಾಲೆನ್ಸ್ ಕೆಡಿಸಿ ಒದೆಸಬೇಕು. ನಿಂತಲ್ಲೇ ಎರಡು ಸುತ್ತು ಗಿರ್ರನೆ ತಿರುಗಿ, ನೀವು ಉರುಳಿಸಿದ ಚೆಂಡಿಗೆ ಒಂದೇ ಏಟು. ಕೂತಲ್ಲಿಂದ ಎದ್ದು ಏಟು. ಬೆನ್ನು ಗೋಲಿಗೆ ಮಾಡಿ, ಹಿಂದಿನಿಂದ ಒಬ್ಬ ಒತ್ತುತ್ತಿರುವಾಗ ಚೆಂಡು ತಡೆದು, ತಿರುಗಿ ಏಟು. ಗೋಲು ಆಯಿತೋ ಇಲ್ಲವೋ ಬರೆಯಬೇಡಿ. ಒದ್ದ ಮೇಲೆ ಬಿದ್ದರೋ, ನಿಂತರೋ ಬರೆಯಿರಿ. ನಿಂತವರಿಗೆ ವಾಪಸ್ ಬಂದ ಚೆಂಡು ಸಿಗುತ್ತದೆ.

ಯಾವ ಮಗುವಿಗೆ ಯಾವ ಜಾಗ

ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲಿನ ಹತ್ತಿರ ಬೆಂಗಳೂರು ಎಫ್‌ಸಿ ಕ್ಲಬ್ ವಸತಿ ಅಕಾಡೆಮಿ ನಡೆಸಿದ ಮೇಲೆ "ಟ್ರಯಲ್ಸ್‌ಗೆ ಯಾವ ಪೊಸಿಷನ್ ಹಾಕಿಸೋಣ ಸರ್?" ಅನ್ನುವ ಪ್ರಶ್ನೆ ಜಾಸ್ತಿಯಾಗಿದೆ. ಒಂಬತ್ತು ವರ್ಷದ ಮಗುವಿನ ಬಗ್ಗೆ! ಹದಿಮೂರರವರೆಗೆ ಯಾರಿಗೂ ಜಾಗ ಗಟ್ಟಿ ಮಾಡಬೇಡಿ. ಎರಡೆರಡು ವಾರಕ್ಕೆ ಜಾಗ ಬದಲಿಸಿ, ಕೀಪರ್ ಜಾಗವನ್ನೂ ಸೇರಿಸಿ. ಮಿಡ್‌ಫೀಲ್ಡ್‌ನಲ್ಲಿ ತಿರುಗುವಾಗ ಬೀಳುವ ಮಗುವಿಗೆ ಅದೇ ಜಾಗದಲ್ಲಿ ಇನ್ನೆರಡು ವಾರ ಜಾಸ್ತಿ ಕೊಡಿ.

ಒಂದು ಎಚ್ಚರಿಕೆ. ಹುಡುಗಿಯರಿಗೆ ಸುಮಾರು ಹನ್ನೆರಡರಲ್ಲಿ, ಹುಡುಗರಿಗೆ ಹದಿನಾಲ್ಕರ ಆಸುಪಾಸಿನಲ್ಲಿ ಮೈ ಒಮ್ಮೆಲೇ ಉದ್ದವಾಗುತ್ತದೆ. ಹೋದ ವರ್ಷ ಚೆಂದ ಆಡುತ್ತಿದ್ದವನು ತನ್ನ ಕಾಲಿಗೇ ಎಡವುತ್ತಾನೆ. ಸೋಮಾರಿ ಆದ, ಮೊಬೈಲ್ ಹುಚ್ಚು ಅಂತ ಬೈಯುತ್ತಾರೆ. ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಎತ್ತರ ಗುರುತು ಮಾಡಿ, ಗೊತ್ತಾಗುತ್ತದೆ. ಆ ತಿಂಗಳುಗಳಲ್ಲಿ ಹಾರಿಕೆ ಕಡಿಮೆ ಮಾಡಿಸಿ, ಒಂಟಿ ಕಾಲಿನ ಅಭ್ಯಾಸಕ್ಕೆ ಮೊದಲ ವಾರದ ಮೆಟ್ಟಿಲಿಗೇ ಇಳಿಯಿರಿ. ಮಂಡಿ ಕೆಳಗಿನ ಎಲುಬಿನ ಗುಬ್ಬಿ ಮುಟ್ಟಿದರೆ ನೋವು ಅಂದರೆ ಡಾಕ್ಟರಿಗೆ ತೋರಿಸಿ.

ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ ಇದಕ್ಕೆ. ಉಳಿದ ಹೊತ್ತು ನಾಲ್ಕು-ನಾಲ್ಕು ಜನ ಮಾಡಿ, ಸಣ್ಣ ಜಾಗದಲ್ಲಿ ಮ್ಯಾಚ್ ಆಡಿಸಿ. ಹನ್ನೊಂದು ಜನರ ಆಟದಲ್ಲಿ ಚೆಂಡು ಮುಟ್ಟಲು ಕಾಯುವ ಮಗು ಇಲ್ಲಿ ಪದೇ ಪದೇ ಮುಟ್ಟುತ್ತದೆ. ಆರು ವಾರ ಆದ ಮೇಲೆ ಅದೇ ಮೂರು ಗೆರೆ ಎಳೆದು, ಅದೇ ನೋಟ್‌ಬುಕ್‌ನಲ್ಲಿ ಮತ್ತೆ ಅಳತೆ.

ಆ ಇಟ್ಟಿಗೆ ಹುಡುಗ ಈಗ ಬರುವಾಗಲೇ ಕಡ್ಡಿ ತರುತ್ತಾನೆ. ಎಡಗಾಲಲ್ಲಿ ಒದೆಯಲು ಶುರು ಮಾಡಿದ್ದಾನೆ. ಬಲಪಾದದ ಗುರುತು ಎಲ್ಲಿ ಹಾಕಬೇಕು ಅಂತ ಅಪ್ಪ-ಮಗನ ಜಗಳ ಇನ್ನೂ ಮುಗಿದಿಲ್ಲ.